ಅಕ್ಷರ ಬಿಚ್ಚುವವರು

ಬ್ಯೂನಸ್ ಐರಿಸ್‌ನ ಹೋಟೆಲ್ ಆಲ್ಬೊರಾದಾ ಕೈಬದಲಾದದ್ದು
ನಮಗೆ ಗೊತ್ತಾದದ್ದು ಟವೆಲ್ಲುಗಳಿಂದ.
ಮೇಲೆ ಹದಿನಾಲ್ಕು ಅಂತಸ್ತು ನಿದ್ದೆ,
ಕೆಳಗೆ, ಬಾಯ್ಲರಿನ ಪಕ್ಕದ ನೆಲಮಾಳಿಗೆಯಲ್ಲಿ
ಹನ್ನೊಂದು ಹೆಂಗಸರು, ಹನ್ನೊಂದು ಸಣ್ಣ ಕತ್ತರಿ,
ನಾಲ್ಕು ಸಾವಿರ ಬಿಳಿ ಟವೆಲ್ಲುಗಳ ದಿಬ್ಬ.

ಒಂದೊಂದರ ಮೂಲೆಗೂ ಹಳದಿ ರೇಷ್ಮೆಯಲ್ಲಿ
ಆಲ್ಬೊರಾದಾದ ಮೊದಲಕ್ಷರ:
ಎರಡು ಕಾಲು, ನಡುವೆ ಒಂದೇ ಮೆಟ್ಟಿಲು,
ಬಣ್ಣ ಬಳಿಯುವವನು ಗೋಡೆ ಮುಂದೆ ನಿಲ್ಲಿಸುವ ಏಣಿಯ ಹಾಗೆ.
ಕೊಂಡ ಕಂಪನಿ ವಲ್ಮಾರಿನ್. ಇಪ್ಪತ್ತಾರು ದೇಶದಲ್ಲಿ ಹೋಟೆಲ್ಲು,
ಎಲ್ಲ ಕಡೆ ಅದೇ ದಿಂಬು, ಅದೇ ಸಾಬೂನಿನ ಪರಿಮಳ,
ಕಣ್ಣು ಕಟ್ಟಿ ಬಿಟ್ಟರೂ ಬಚ್ಚಲು ಸಿಗುತ್ತದಂತೆ.
ಅದರ ಅಕ್ಷರ, ಗುಟುಕಿಗೆ ಬಾಯಿ ತೆರೆದ ಮರಿಹಕ್ಕಿ.

ಹಳೆಯದನ್ನು ಬಿಚ್ಚಿ, ಹೊಸದನ್ನು ಹೊಲಿಯಿರಿ,
ಎಂದ ಸೆನ್ಯೋರ್ ಇರಿಗೊಯ್ತಿ. ಮೂರು ವಾರ ಗಡುವು,
ರಾತ್ರಿ ಪಾಳಿ, ಗಂಟೆ ಲೆಕ್ಕದ ಕೂಲಿ.
ಕಾಫಿ ಹೋಟೆಲಿನದು, ಸಕ್ಕರೆ ನಮ್ಮದು.

ಹೊಲಿಯುವುದಕ್ಕಿಂತ ಬಿಚ್ಚುವುದು ಕಷ್ಟ.
ಯಂತ್ರ ಹಾಕಿದ ದಾರಕ್ಕೆ ದಯೆ ಇಲ್ಲ,
ತುದಿ ಹಿಡಿದೆಳೆದರೆ ಟವೆಲ್ಲಿನ ಎಳೆಯೂ ಜೊತೆಗೆ ಬರುತ್ತದೆ.
ಬಿಚ್ಚಿದ ಮೇಲೂ ಅಕ್ಷರ ಹೋಗುವುದಿಲ್ಲ;
ಓಲೆ ಕಳಚಿದ ಕಿವಿಯಂತೆ ತೂತು ಉಳಿಯುತ್ತದೆ.
ಹಬೆ ಕೊಟ್ಟು, ಬ್ರಶ್ಶಿನಿಂದ ಉಜ್ಜಿ ಉಜ್ಜಿ
ಬಟ್ಟೆಗೆ ಮರೆವು ಕಲಿಸಬೇಕು.

ಮಿರ್ತಾ ಹೇಳುತ್ತಿದ್ದಳು, ಒಂಬೈನೂರ ಆರರಲ್ಲಿ
ವಜ್ರದ ವ್ಯಾಪಾರಿಯೊಬ್ಬ ಬಾತ್‌ಟಬ್ಬಿನಲ್ಲಿ ಮಲಗುತ್ತಿದ್ದ,
ಹಾಸಿಗೆ ತೀರಾ ಮೆತ್ತಗೆ, ಹೊಳೆಯಲ್ಲಿ ಮುಳುಗಿದಂತಾಗುತ್ತದೆ ಅಂತ.
ನಕ್ಕೆವು. ನಗುವಾಗ ಕತ್ತರಿ ನಿಲ್ಲಬಾರದು,
ಅದೊಂದೇ ನಿಯಮ.

ಮೂರನೆಯ ರಾತ್ರಿ ಒಟಿಲಿಯಾಳ ಕತ್ತರಿ ನಿಂತಿತು.
ಅರವತ್ತೆಂಟು ವಯಸ್ಸು, ಲಾನೂಸಿನಿಂದ ರೈಲಿನಲ್ಲಿ ಬರುವವಳು,
ಕನ್ನಡಕದ ಒಂದು ಕಡ್ಡಿಗೆ ಬ್ಯಾಂಡೇಜು.
ಮಡಿಲಿನ ಟವೆಲ್ಲಿನಲ್ಲಿ ಮೆಟ್ಟಿಲಷ್ಟೇ ಬಿಚ್ಚಿತ್ತು.
ನೋಡಿದಳು.
ಟವೆಲ್ಲನ್ನು ತಲೆಕೆಳಗು ಮಾಡಿದಳು.
ಮತ್ತೆ ನೋಡಿದಳು.
ಪಕ್ಕದಲ್ಲಿದ್ದ ನನಗೂ ಕಂಡಿತು:
ಏಣಿ ಮಗುಚಿ ಮರಿಹಕ್ಕಿಯಾಗಿತ್ತು.

ಎಂಟು ಹೊಲಿಗೆ. ಟವೆಲ್ಲಿಗೆ ಅರೆ ನಿಮಿಷ.
ಬೆಳಗಾಗುವುದರೊಳಗೆ ದಿಬ್ಬ ಕರಗುತ್ತಿತ್ತು,
ಹದಿನೆಂಟು ರಾತ್ರಿಯ ಕೂಲಿ ಉಳಿಯುತ್ತಿತ್ತು,
ನಮಗಲ್ಲ.
ಒಟಿಲಿಯಾಗೆ ಒಂದು ಶಾಬಾಸ್, ಹೂವಿನ ಬುಟ್ಟಿ,
ಸಿಬ್ಬಂದಿ ಪತ್ರಿಕೆಯಲ್ಲಿ ಬಹುಶಃ ಒಂದು ಫೋಟೋ.

ಅವಳು ಸುತ್ತ ಕಣ್ಣಾಡಿಸಿದಳು.
ರಮೋನಾಳ ಮಗನ ಹಲ್ಲಿನ ಬಿಲ್ಲು,
ಬೆರ್ತಾಳ ಎರಡು ತಿಂಗಳ ಬಾಡಿಗೆ,
ನಾನು, ಅಸುನ್ಸಿಯೋನಿಗೆ ಕಳಿಸಬೇಕಾದ ಹಣ.
ಏನೂ ಅನ್ನಲಿಲ್ಲ. ಸೂಜಿಗೆ ದಾರ ಪೋಣಿಸಿ
ಆ ಎಂಟು ಹೊಲಿಗೆಯನ್ನು ಇದ್ದ ಹಾಗೇ ಮತ್ತೆ ಹಾಕಿದಳು,
ಆಮೇಲೆ ಇಡೀ ಅಕ್ಷರವನ್ನು
ಮೊದಲಿಂದ ಬಿಚ್ಚತೊಡಗಿದಳು.
ಕಷಾಯದ ಸೋರೆಬುರುಡೆಯನ್ನು ನನ್ನತ್ತ ತಳ್ಳಿದಳು.
ಕುಡಿಯುವ ಬಾಯಲ್ಲಿ ಮಾತಿರುವುದಿಲ್ಲ.

ಕೊನೆಯ ಬೆಳಗ್ಗೆ ಹಿಂಬಾಗಿಲಲ್ಲಿ ಚೀಲದ ತಪಾಸಣೆ.
ಒಟಿಲಿಯಾಳ ಚೀಲದಲ್ಲಿ ಅರ್ಧ ಬ್ರೆಡ್ಡು,
ಕನ್ನಡಕದ ಡಬ್ಬಿ, ಕಿತ್ತಳೆ ಗಾತ್ರದ ಹಳದಿ ಉಂಡೆ,
ಬಿಚ್ಚಿದ ತುಂಡುದಾರಗಳನ್ನು ಗಂಟಿಗೆ ಗಂಟು ಸೇರಿಸಿ ಸುತ್ತಿದ್ದು.
ಇದೇನು, ಎಂದ ಕಾವಲಿನವನು.
ಕಸ, ಎಂದಳು.
ಅವನು ಉಂಡೆಯನ್ನು ಕೈಯಲ್ಲಿ ತೂಗಿ ನೋಡಿದ,
ಮೂಸಿದ, ವಾಪಸು ಕೊಟ್ಟ.

ಹೊರಗೆ ಮುಂಬಾಗಿಲ ನೆತ್ತಿಯಲ್ಲಿ
ಇಬ್ಬರು ಕೆಲಸಗಾರರು ಹೊಸ ಅಕ್ಷರ ಏರಿಸುತ್ತಿದ್ದರು.
ಹಳೆಯದು ಕೆಳಗೆ, ಜಕರಾಂಡಾ ಉದುರಿಸಿದ ನೇರಳೆಯ ಮೇಲೆ
ಮಗುಚಿ ಬಿದ್ದಿತ್ತು. ನಾನು ಒಟಿಲಿಯಾಳ ಮುಖ ನೋಡಿದೆ.
ರೈಲು ತಪ್ಪುತ್ತದೆ, ನಡಿ, ಎಂದಳು.