ಕಿತ್ತಳೆ ಕನ್ನಡಕ

ಅಂಗಡಿಯೊಳಗೆ ಎಲ್ಲವೂ ಉರಿಯುತ್ತಿತ್ತು.
ನೀಲಿ ದೀಪದಡಿ ಹಸಿರು, ಗುಲಾಬಿ, ಕೇಸರಿ,
ಮದುವೆ ಚಪ್ಪರದ ಹಾಗೆ ಸಾಲು ಸಾಲು ಹವಳ.
ಇದು ಐದು ದಿನಾರ್, ಅದು ಎಂಟು,
ನಡುವಿನ ಮಹಾರಾಣಿ ಹದಿನೆಂಟು.

ನಾನೆಂದೆ: ರೋಡೆಲ್, ಬಿಳಿ ದೀಪ ಹಾಕು.

ಕುಂದಾಪುರದಲ್ಲಿ ಅಮ್ಮ ಸೀರೆ ಕೊಳ್ಳುವಾಗ
ಸೆರಗು ಹಿಡಿದು ಬಾಗಿಲ ತನಕ ನಡೆದುಬಿಡುತ್ತಿದ್ದಳು,
ಇನ್ನೊಂದು ತುದಿ ಅಂಗಡಿಯವನ ಕೈಯಲ್ಲೇ,
ನಡುವೆ ಆರು ಗಜ ಅನುಮಾನ.
ಬಿಸಿಲಿಗೆ ಒಡ್ಡಿ, ಕಣ್ಣು ಕಿರಿದು ಮಾಡಿ,
"ಇದು ನೀಲಿ ಅಲ್ಲ ಮಾರಾಯ, ನೇರಳೆ."

ಬಿಳಿ ದೀಪ ಹತ್ತಿತು.
ಚಪ್ಪರ ಬಿಚ್ಚಿದ ಮಾರನೆಯ ಬೆಳಗು.
ಹದಿನೆಂಟರ ಮಹಾರಾಣಿ ಕಾಫಿ ಚರಟದ ಬಣ್ಣ.
ಮೂಲೆಯಲ್ಲಿ ಎರಡು ದಿನಾರಿನ ಜೋಆ,
ಬಿಲ್ಲೆಗಂಟಿದ ತುಣುಕು, ಏಳೇ ಏಳು ಬಾಯಿ,
ಬಿಳಿಯಲ್ಲೂ ಹಸಿರಾಗಿಯೇ ಇತ್ತು.
ಅದನ್ನು ಕಟ್ಟಿಸಿಕೊಂಡೆ.

ಮೈಸೂನ್ ಡಾಕ್ಟರ್ ಹುಳುಕು ತುಂಬುತ್ತಾರೆ,
ನಾನು ನೀಲಿ ಬೆಳಕು ಹಿಡಿಯುತ್ತೇನೆ, ಇಪ್ಪತ್ತು ಸೆಕೆಂಡು,
ಕಣ್ಣಿಗೆ ಕಿತ್ತಳೆ ಕನ್ನಡಕ.
ಅದೇ ನೀಲಿ ಹವಳಕ್ಕೂ ಊಟವಂತೆ.
ಹಾಗಾಗಿ ಗುರುವಾರ ಸಂಜೆ ಕನ್ನಡಕ
ನನ್ನ ಚೀಲದಲ್ಲಿ ಗುದೈಬಿಯಾಕ್ಕೆ ಬರುತ್ತದೆ,
ಭಾನುವಾರ ಬೆಳಿಗ್ಗೆ ಡ್ರಾಯರಿಗೆ ವಾಪಸು.
ಯಾರೂ ಕೇಳಿಲ್ಲ ಇದುವರೆಗೆ.

ನಾಲ್ವರ ಕೋಣೆ. ಮೂವತ್ತು ಲೀಟರಿನ ಸಮುದ್ರ
ನನ್ನ ಮಂಚದ ತಲೆಭಾಗಕ್ಕೆ.
ಉಪ್ಪು ಅಳೆದು, ಶೋಧಿಸಿದ ನೀರಿಗೆ ಕದಡಿ
ಕಡಲು ಮಾಡಿಕೊಳ್ಳುತ್ತೇನೆ,
ನಿಜವಾದ ಕಡಲು ಹತ್ತು ನಿಮಿಷದ ದಾರಿ.

ಮೊದಲ ವಾರ ತಪ್ಪಿದೆ.
ಹೊಸ ದೀಪದ ಹುರುಪು, ಎಂಬತ್ತಕ್ಕೆ ತಿರುಗಿಸಿದೆ.
ಸುತ್ತಿಗೆ ಹವಳ ನಾಲ್ಕೇ ದಿನದಲ್ಲಿ ಬಿಳುಚಿ
ಸೋಸಿದ ಗಂಜಿಯ ಹಾಗಾಯಿತು.
ರೋಡೆಲ್ ಬೈಯಲಿಲ್ಲ. ಕೇಳಿದ:
ನೀನು ಬಂದಿಳಿದದ್ದು ಯಾವ ತಿಂಗಳು?
ಜುಲೈ, ಎಂದೆ.
ಮತ್ತೆ ಗೊತ್ತಿರಬೇಕಲ್ಲ, ಎಂದ.

ಈಗ ಇಪ್ಪತ್ತರಿಂದ ಶುರು, ವಾರಕ್ಕೆ ಐದೈದು.
ಬೆಳಕು ಬೇಡುವ ಕೊಂಬೆ ಹವಳದ ಆಸೆ ಬಿಟ್ಟೆ.
ಅಣಬೆ ಕೆಳಗೆ, ನೆರಳಲ್ಲಿ. ಜೋಆ ನಡುವೆ.
ಪಂಜಿನ ಹವಳವನ್ನು ಒಂಟಿಯಾಗಿ ಬಲಮೂಲೆಗೆ ಇಟ್ಟೆ,
ರಾತ್ರಿ ಅದು ಕೈ ಚಾಚಿ ಪಕ್ಕದವರನ್ನು ಸುಡುತ್ತದೆ.
ನಮ್ಮ ಮಂಚಗಳಿಗೆ ಪರದೆ ಇದೆ,
ನೀರಿಗೆ ಇಲ್ಲ.

ಅಪ್ಪ ಗಂಗೊಳ್ಳಿಯಿಂದ ವಿಡಿಯೋದಲ್ಲಿ ಬಂದ.
ಹವಳ ಅಂದರೆ ಅವನಿಗೆ ಬಲೆ ಹರಿಯುವ ಕಲ್ಲು,
ನೆತ್ರಾಣಿ ಕಡೆ ಹೋದಾಗಲೆಲ್ಲ ಶಾಪ ಹಾಕಿದ ಕಲ್ಲು.
"ದುಡ್ಡ್ ಕೊಟ್ಟ್ ಕಲ್ಲ್ ತಕಂಡ್ಯಾ?"
ಕಲ್ಲಲ್ಲ ಅಪ್ಪಾ, ಜೀವ.
"ಹಾಂಗಾರೆ ಬಾಯಿ ಇತ್ತಾ?"
ಇತ್ತ್. ಹಲ್ಲಿಲ್ಲೆ.
ಅವನು ನಕ್ಕಾಗ ಕಂಡೆ,
ಎಡಗಡೆ ಮೇಲಿನದು ಇನ್ನೊಂದು ಹೋಗಿದೆ.

ಮುಹರಕ್‌ನಲ್ಲಿ ಒಂದು ಹಳೆ ಗೋಡೆ ನೋಡಿದ್ದೆ.
ಗಾರೆ ಉದುರಿದಲ್ಲಿ ಹವಳದ ಕಲ್ಲು,
ಮೈತುಂಬ ಚುಕ್ಕಿ ಚುಕ್ಕಿ ಬಾಯಿ,
ಅರ್ಧಕ್ಕೆ ಯಾರೋ ಸುಣ್ಣ ತುಂಬಿದ್ದಾರೆ.
ಒಳ್ಳೆಯ ಕೆಲಸ, ನೂರು ವರ್ಷ ಬಾಳಿದ ಹುಳುಕು.
ಬೆರಳು ಇಟ್ಟೆ. ಬಿಸಿಯಿತ್ತು.

ದೀಪಕ್ಕೆ ಎಂಟು ಗಂಟೆ, ಮಧ್ಯಾಹ್ನ ಎರಡರಿಂದ ಹತ್ತು,
ಲೀಲಾಮಣಿಗೆ ನಸುಕಿನ ಡ್ಯೂಟಿ, ಹತ್ತರ ಮೇಲೆ ಸಹಿಸಳು.
ಕೊನೆಯ ಅರ್ಧ ಗಂಟೆ ಬರೀ ನೀಲಿ.
ಬರಿಗಣ್ಣಿಗೆ ಎಲ್ಲ ಒಂದೇ ನೀಲಿ, ನನ್ನ ಕೈ ಸಮೇತ.
ಕನ್ನಡಕ ಹಾಕಿದೆನೋ ನೀಲಿ ಜಾರಿ ಹೋಗುತ್ತದೆ,
ಉಳಿಯುವುದು ಹವಳ ತಾನೇ ಹೊರಗೆ ಬಿಟ್ಟ ಬೆಳಕು ಮಾತ್ರ.

ಇವತ್ತು ಜೋಆದ ಬಾಯಿ ಎಣಿಸಿದೆ: ಒಂಬತ್ತು.
ಮತ್ತೆ ಎಣಿಸಿದೆ.
ಹತ್ತಕ್ಕೆ ಎರಡು ನಿಮಿಷ ಇತ್ತು,
ಗದರುವ ಬದಲು ಪರದೆಯ ಸಂದಿನಿಂದ
ಲೀಲಾಮಣಿಯ ಕೈ ಬಂತು:
"ಅದು ಒಮ್ಮೆ ಕೊಡು, ನೋಡ್ತೇನೆ."