ಕುಂಪಣಿಯ ಸರದಿ

ಬೆಂಕಿಕಡ್ಡಿ ಮುರಿದು ಎತ್ತಿದೆವು.
ಗಿಡ್ಡ ಕಡ್ಡಿ ನನಗೆ; ಇಂಗ್ಲಿಷರು ನನ್ನ ಪಾಲಿಗೆ.
ಗುಲ್ ಜರೀನ್ ತೊಡೆ ತಟ್ಟಿಕೊಂಡು ನಕ್ಕ.
ಮಫೀಜುಲ್ ಎದ್ದು ಸಲಾಮು ಹೊಡೆದ,
ಬಿಚ್ಚಿದ ಲುಂಗಿ ಎಡಗೈಯಲ್ಲಿ ಹಿಡಿದುಕೊಂಡೇ.

ರಾಸ್ ಅಲ್ ಖೈಮಾ, ಕ್ಯಾಂಪಿನ ಹದಿನೇಳನೇ ಕೋಣೆ.
ಅಕ್ಕಿಡಬ್ಬದ ಮೇಲೆ ಹಳೇ ಲ್ಯಾಪ್‌ಟಾಪು,
'ಎಂ' ಅಕ್ಷರದ ಗುಂಡಿ ಕಿತ್ತುಹೋಗಿದೆ.
ಮಂಚ ನಾಲ್ಕು, ಚಕ್ರವರ್ತಿಗಳು ಮೂವರು.
ನಾಲ್ಕನೆಯವನಿಗೆ ರಾತ್ರಿಪಾಳಿ,
ಗೋಡೆಗೆ ಮುಖ ಮಾಡಿ ಗೊರಕೆ.

ಇಂಗ್ಲಿಷರ ಹಡಗು ಒಂದು ಮನೆ ಜಾಸ್ತಿ ಓಡುತ್ತದೆ.
ಬಂದರು ಅರ್ಧ ಬೆಲೆಗೆ ಏಳುತ್ತದೆ.
ಉಳಿದಂತೆ ಎರಡು ಕುರಿ, ಸುತ್ತ ನೀರು.
ಊರಿಗೆ ಲಂಡನ್ ಎಂದು ಪರದೆಯೇ ಬರೆದುಕೊಂಡಿತ್ತು.
ಅಳಿಸಿ ಗಂಗೊಳ್ಳಿ ಎಂದಿಟ್ಟೆ.
ಎರಡನೆಯದು ಶಿರೂರು.
ಮೂರನೆಯದು, 'ಎಂ' ಇಲ್ಲದ್ದರಿಂದ, ಅರವಂತೆ;
ಮರವಂತೆಯವರು ಕ್ಷಮಿಸಬೇಕು.
ಮೂರರ ನೆತ್ತಿಯ ಮೇಲೂ ಕೆಂಪು ಶಿಲುಬೆಯ ಬಾವುಟ.

ಅಜ್ಜಿಯ ಬಾಯಲ್ಲಿ ಅದು ಕುಂಪಣಿ.
ಸಾರಿಗೆ ಉಪ್ಪು ಕಮ್ಮಿ ಬಿದ್ದರೆ ಅಮ್ಮನಿಗೆ ಕೇಳುವಳು:
'ಇನ್ನೂ ಕುಂಪಣಿಗೆ ಸುಂಕ ಕಟ್ಟುತ್ತಿದ್ದೀಯೇನೆ?'
ಇಲ್ಲಿ ನಮ್ಮ ಪಾಸ್‌ಪೋರ್ಟು ಇಟ್ಟುಕೊಂಡದ್ದು ಕಂಪನಿ,
ನೀರಿನ ಕ್ಯಾನು, ತಲೆಯ ಹೆಲ್ಮೆಟ್ಟು, ಊರಿಗೆ ಹೋಗುವ ತಾರೀಕು
ಎಲ್ಲ ಕಂಪನಿಯದು.
ಬರೆದು ನೋಡಿದರೆ ಒಂದು ಕೊಂಬಿನ ವ್ಯತ್ಯಾಸ.

ಹಗಲು ನಾನು ಬಂದರಿನಲ್ಲಿ ಕಲ್ಲಿನ ಲೆಕ್ಕದವನು.
ಗುಡ್ಡ ಒಡೆದು ಲಾರಿ ತರುತ್ತದೆ, ತೂಕದ ಚೀಟಿ ಹರಿಯುತ್ತೇನೆ,
ಹಡಗು ಹೊಟ್ಟೆ ತುಂಬಿಸಿಕೊಂಡು ಹೋಗುತ್ತದೆ.
ಆಟದಲ್ಲಿ ಬೂದು ಚೌಕದ ಮೇಲೊಬ್ಬ ಆಳು ಇಟ್ಟರೆ ಸಾಕು,
ಕಲ್ಲು ಬರುತ್ತಲೇ ಇರುತ್ತದೆ.
ಅವನು ಕೆಮ್ಮುವುದಿಲ್ಲ.

ಮಫೀಜುಲನ ಊರು ಹೊಳೆಬಾಯಲ್ಲಿ. ಭತ್ತ, ಮೀನು, ರೇಷ್ಮೆ.
ಭೋಲಾ ಎಂದು ಕರೆದಿದ್ದ, ಅವನ ದ್ವೀಪದ ಹೆಸರು.
ನಾನು ಒಂದು ಗುಂಡೂ ಹಾರಿಸಲಿಲ್ಲ, ದೇವರಾಣೆ.
ಮೊದಲು ಗೋದಾಮಿಗೆ ಜಾಗ ಕೇಳಿದೆ.
ಗೋದಾಮು ಕಾಯಲು ಹನ್ನೆರಡು ಸಿಪಾಯಿಗಳು.
ಗುಲ್ ಜರೀನನ ಕುದುರೆಗಳು ಬರುತ್ತಿವೆ, ಗೋಡೆ ಕಟ್ಟಿಕೋ ಎಂದು
ಮುನ್ನೂರು ಹೊನ್ನು ಸಾಲ ಕೊಟ್ಟೆ.
ಆ ಕುದುರೆಗಳಿಗೆ ಲಾಳ ಮಾರಿದ್ದೂ ನಾನೇ.
ಹೌದು, ಕೊಂಬು ಮೂಡಿತ್ತು, ತಲೆ ಮುಟ್ಟಿ ನೋಡಿಕೊಳ್ಳಲಿಲ್ಲ.
ಅರವತ್ತೊಂಬತ್ತನೇ ಸುತ್ತಿಗೆ ಭೋಲಾದ ಮೇಲೆ
ನನ್ನ ಬಾವುಟ.

'ಭಾಯ್, ಕೇಳಲೇ ಇಲ್ಲವಲ್ಲ' ಅಂದ ಮಫೀಜುಲ್.
'ಕೇಳಿದ್ದೆ. ನೀನೇ ಓಕೆ ಒತ್ತಿದೆ.'
'ನನಗೆ ಇಂಗ್ಲಿಷು ಓದಲು ಬಾರದು.
ನಿನಗೆ ಗೊತ್ತು.'

ಗೊತ್ತು.
ಅವನ ಕಾಗದವೆಲ್ಲ ಓದಿ ಹೇಳುವವನು ನಾನೇ:
ಬ್ಯಾಂಕಿನದು, ಆಸ್ಪತ್ರೆಯದು,
ಹೋದ ವರ್ಷ ಕಂಪನಿ ಕೊಟ್ಟ ಹೊಸ ಕರಾರು.
ಅದರ ಎರಡನೇ ಪುಟ ಅವಸರದಲ್ಲಿ ಮಗುಚಿದ್ದೆ,
ಊಟದ ಗಂಟೆ ಹೊಡೆದಿತ್ತು.
ಓವರ್‌ಟೈಮಿನ ಮಾತು ಇದ್ದದ್ದು ಆ ಪುಟದಲ್ಲಿ.

ಗುಲ್ ಜರೀನ್ ಈರುಳ್ಳಿ ಸುಲಿಯತೊಡಗಿದ.
ಭೋಲಾ ವಾಪಸು ಕೊಡಲು ಹೋದೆ.
'ನಿಮ್ಮ ಪ್ರಜೆಗಳಿಗೆ ಅಸಮಾಧಾನವಾಗುತ್ತದೆ' ಎಂದು ಪರದೆ ಎಚ್ಚರಿಸಿತು.
ಯಾರಿಗಂತೆ? ಗಂಗೊಳ್ಳಿಯವರಿಗೆ?

'ಲಾಟ್ ಸಾಹೇಬ,' ಮಫೀಜುಲ್ ಅಂದ,
'ಇವತ್ತು ಪಾತ್ರೆಯ ಸರದಿ ನಿನ್ನದು.'
ನಕ್ಕನೋ ಇಲ್ಲವೋ, ಟ್ಯೂಬ್‌ಲೈಟು ಅವನ ಬೆನ್ನ ಹಿಂದಿತ್ತು.

ಅಡುಗೆಕೋಣೆಯಲ್ಲಿ ತಣ್ಣೀರಿನ ನಲ್ಲಿಯೂ ಸುಡುತ್ತಿತ್ತು.
ತಳ ಹಿಡಿದ ಬೇಳೆ ಉಜ್ಜಿದೆ, ಉಗುರಿನಲ್ಲಿ ಕೆರೆದೆ.
ಕಿಟಕಿಯಾಚೆ ಕಲ್ಲಿಗಾಗಿ ಕಾದ ಹಡಗುಗಳು, ಏಳೆಂಟು ದೀಪ.
ಬೆನ್ನ ಹಿಂದೆ ಚಪ್ಪಲಿಯ ಸದ್ದು.
ಮಫೀಜುಲ್, ನಾಲ್ಕು ಮಡಿಕೆಯ ಕಾಗದ ಹಿಡಿದು.
ಮೇಲೆ ಕಂಪನಿಯ ಮೊಹರು.

'ಕೈ ಒರೆಸಿಕೋ. ಇದೊಂದು ಓದಿ ಹೇಳು.
ನಿಧಾನ ಓದು.
ಹಿಂದಿನ ಪುಟವನ್ನೂ.'