ಹನ್ನೆರಡನೆಯ ತಿಂಗಳು

ಮತ್ತೆ ಬಂತು ಏಜೆಂಟ್ ದಳವಿಯ ಫೋನು:
‘ಅಗ್ರಿಮೆಂಟ್ ಮುಗೀತು ಮ್ಯಾಡಮ್,
ಮಾಲೀಕರ ಮಗನ ಮದುವೆಯಂತೆ, ರೂಮು ಬೇಕಂತೆ.’
ಹೋದ ಸಲ ಮಗಳ ಬಾಣಂತನ,
ಅದರಾಚೆ ಕಟ್ಟಡವನ್ನೇ ಕೆಡವುವ ನೋಟೀಸು.
ಈ ಊರಲ್ಲಿ ಯಾರೂ ಯಾರನ್ನೂ ಹೊರಗೆ ದಬ್ಬುವುದಿಲ್ಲ,
ಹನ್ನೊಂದು ತಿಂಗಳಾದರೆ ಸಾಕು
ಸ್ಟ್ಯಾಂಪು ಒತ್ತಿದ ಕಾಗದವೇ ಎದ್ದು ಬಂದು
ಬಾಗಿಲು ತೆರೆದು ನಿಲ್ಲುತ್ತದೆ.

ಕುರ್ಲಾ, ವಿದ್ಯಾವಿಹಾರ, ಮತ್ತೆ ಕುರ್ಲಾ,
ಘಾಟ್ಕೋಪರ್, ವಿಕ್ರೋಳಿ, ಕಾಂಜೂರ್, ಭಾಂಡುಪ್.
ಏಳು ಮನೆ ಎಂದರೆ
ಏಳು ಸಲ ದೇವದಾನನ ಫೋಟೋಗೆ ಮೊಳೆ ಹುಡುಕಿದ್ದು,
ಏಳು ಸಲ ಸೊಸೈಟಿ ಸೆಕ್ರೆಟರಿ ಕನ್ನಡಕ ಏರಿಸಿ
‘ಸುಜ್ಞಾನಾ... ಅಂದರೆ ಯಾವ ಪೈಕಿ?’ ಅಂದದ್ದು.

ಪರ್ಸಿಸ್‌ಳ ಎತ್ತರ ಮಾತ್ರ ತಪ್ಪದೆ
ಬಾಗಿಲ ಚೌಕಟ್ಟಿಗೆ ಪೆನ್ಸಿಲ್ಲಿನಲ್ಲಿ ಗೀಚಿಟ್ಟು ಬಂದೆ.
ಮೂರಡಿ ಎರಡಿಂಚು, ಕುರ್ಲಾ.
ಹಾಲುಹಲ್ಲು ಬಿದ್ದ ವಾರ, ಘಾಟ್ಕೋಪರ್.
ನಾಲ್ಕಡಿ ದಾಟಿದ್ದು ವಿಕ್ರೋಳಿಯ ಸೋರುವ ಮನೆಯಲ್ಲಿ.
ನಾವು ಮೆಟ್ಟಿಲಿಳಿದ ಮರುದಿನ
ಪೇಂಟಿನವನು ಬಕೆಟ್ಟು ಹಿಡಿದು ಹತ್ತುತ್ತಾನೆ.
ಡಿಪಾಜಿಟ್ಟಿನಲ್ಲಿ ಅದಕ್ಕೂ ಕಡಿತ.

ಅಂದು ರಾತ್ರಿ ನಿನ್ನೊಡನೆ ಜಗಳಕ್ಕೆ ಕೂತೆ.
ನಮ್ಮ ಪಾಸ್ಟರು ನಿನ್ನನ್ನು ಬಂಡೆ ಅನ್ನುತ್ತಾರೆ,
ದುರ್ಗ, ಬುರುಜು, ಆಶ್ರಯಗಿರಿ ಅನ್ನುತ್ತಾರೆ.
ನನಗೆ ದುರ್ಗ ಬೇಡಪ್ಪಾ.
ಒಂದು ಒಲೆಕಟ್ಟೆ, ಬಟ್ಟೆ ಹರವಲು ಒಂದು ಕಿಟಕಿ,
ಮತ್ತೆ, ಯಾವ ಮನೆಯಲ್ಲೂ ನಾನಿನ್ನೂ ಕಾಣದ
ಹನ್ನೆರಡನೆಯ ತಿಂಗಳು.
ಅಷ್ಟು ಕೊಡು, ಆಮೇಲೆ ನಿನ್ನ ಪ್ರೀತಿಯ ಮಾತು.

ನೀನು ಮಾತಾಡಲಿಲ್ಲ.
ನಾಲ್ಕು ಗಂಟೆಗೆ ಪಂಪು ಗುರುಗುಟ್ಟಿತು, ನೀರು ಬಂತು,
ಡ್ರಮ್ಮಿಗೆ ಪೈಪು ಇಟ್ಟು ಕತ್ತಲಲ್ಲೇ ನಿಂತೆ.
ನೀರು ಏರುತ್ತಿದ್ದ ಸದ್ದಿನಲ್ಲಿ ಹೊಳೆಯಿತು:
ನಿನಗಾದರೂ ಎಲ್ಲಿತ್ತು ಮನೆ?
ಹುಟ್ಟಿದ್ದು ಯಾರದೋ ದನದ ಕೊಟ್ಟಿಗೆಯಲ್ಲಿ,
ಉಂಡದ್ದು ಕಂಡವರ ಪಂಕ್ತಿಯಲ್ಲಿ,
ನಿದ್ದೆ ಹೋದದ್ದು ಬೆಸ್ತರ ದೋಣಿಯಲ್ಲಿ.
ಸತ್ತ ಮೇಲೂ ಬೇರೆಯವನ ಗವಿ,
ಅದನ್ನೂ ಮೂರೇ ದಿನಕ್ಕೆ ಖಾಲಿ ಮಾಡಿದೆ,
ಸುತ್ತಿದ್ದ ಬಟ್ಟೆ ಮಡಿಸಿ ಮೂಲೆಗಿಟ್ಟು
ಮರ್ಯಾದಸ್ಥ ಬಾಡಿಗೆದಾರನ ಹಾಗೆ!
ನಗು ಬಂತು. ಡ್ರಮ್ಮು ತುಂಬಿ ಕಾಲಮೇಲೆ ಹರಿಯಿತು.

ಇಷ್ಟು ವರ್ಷ ನಿನ್ನನ್ನು ಮಾಲೀಕನೆಂದೇ ತಿಳಿದಿದ್ದೆ.
ತಪ್ಪಿದ ಭಾನುವಾರ, ತಡವಾದ ಪ್ರಾರ್ಥನೆ,
ದೇವದಾನ ಹೋದ ದಿನ ನಿನಗೆ ಬೈದ ಬೈಗುಳ,
ಎಲ್ಲ ಬಾಕಿ ಪುಸ್ತಕದಲ್ಲಿ ಬರೆದಿಟ್ಟು
ಒಂದು ದಿನ ಕೀಲಿಕೈ ಕೇಳುತ್ತೀಯೆಂದು.

ಈಗ ನೆನಪಾಗುತ್ತದೆ.
ಕಾಂಜೂರಿನ ನಾಲ್ಕನೇ ಮಹಡಿ, ಲಿಫ್ಟು ಕೆಟ್ಟಿತ್ತು,
ಕಬ್ಬಿಣದ ಬೀರು ತಿರುವಿನಲ್ಲಿ ಸಿಕ್ಕಿ
ನನ್ನ ಕೈ ನಡುಗಿದಾಗ
ಕೆಳಮೆಟ್ಟಿಲಿಂದ ಟೆಂಪೋದ ರಹಮತ್,
ಶಹಾಬಾದಿನವನು, ಅಂದ:
‘ನೀವು ಹಿಡದಂಗ ಮಾಡ್ರಿ ಸಾಕು ಅಕ್ಕಾ,
ಭಾರ ಎಲ್ಲಾ ನನ್ನ ಕಡಿ ಅದ.’

ಯಾರ ಮಾತು ಅದು, ಆಗ ಗುರುತು ಹತ್ತಲಿಲ್ಲ.

ನಿನ್ನ ಅಂಗೈಯಲ್ಲಿ ನಮ್ಮ ಗುರುತುಂಟೆಂದು
ಬೆಟಗೇರಿಯ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ.
ಪೆನ್ಸಿಲ್ಲಿನ ಗೀಟಲ್ಲ, ಮೊಳೆಯಲ್ಲಿ ಗೀಚಿದ್ದು.
ಯಾವ ಪೇಂಟಿನವನ ಏಣಿ ಮುಟ್ಟೀತು ಅಲ್ಲಿಗೆ?

ಹೆದರಿಕೆ ಹೋಯಿತೆಂದೇನಲ್ಲ.
ಫೋನಿನಲ್ಲಿ ದಳವಿ ಎಂಬ ಹೆಸರು ಮಿನುಗಿದರೆ
ಈಗಲೂ ಎದೆ ಧಸಕ್ಕೆನ್ನುತ್ತದೆ.
ಮುಲುಂಡಿನ ಈ ಕೋಣೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತದೆ,
ಕಿಟಕಿ ತೆರೆದರೆ ಪಕ್ಕದ ಗೋಡೆ, ಎರಡು ಪಾರಿವಾಳ.
ಗಂಟು ಬಿಚ್ಚಿಲ್ಲ, ಒಲೆ ಹಚ್ಚಿಲ್ಲ,
ಪರ್ಸಿಸ್ ಆಗಲೇ ಚೌಕಟ್ಟಿಗೆ ಬೆನ್ನು ತಾಗಿಸಿ
ಹಿಮ್ಮಡಿ ಎತ್ತಿ ನಿಂತಿದ್ದಾಳೆ, ಕಳ್ಳಿ.
‘ಅಮ್ಮಾ, ಪೆನ್ಸಿಲ್ ಎಲ್ಲಿ?’